ಜಯಕ್ಕನ ಹಠ

ಯಲ್ಲಾಪುರ
18 ನವೆಂಬರ್ 2025

ಪ್ರೀತಿಯ ಜಯಕ್ಕನಿಗೆ,

ನಿಮ್ಮ ಯಾಸ್ಮೀನ್ ಮಾಡುವ ಸಲಾಮ್. ನಾನು, ಜಲೀಲ್, ಮಗಳು ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಸಿದ್ದಾಪುರದ ತಮ್ಮನ ಮನೆಯಿಂದ ಈಚೆಗೆ ಎರಡು ಸಲ ನೀವೇ ಫೋನ್ ಮಾಡಿದಿರಿ. ಎರಡು ಸಲವೂ ನಾನು ಹಾಂ, ಹೂಂ ಎಂದು ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಗೂ ನಾದಿನಿ ಖತೀಜಾಳ ಮನೆಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ನಾನು ಸೀನಿದರೆ ಅವಳು ಆ ಕಡೆಯಿಂದ ಕಷಾಯ ಮಾಡಿಕೋ ಎನ್ನುತ್ತಾಳೆ. ಅಲ್ಲಿ ನಿಂತು ನಿಮ್ಮ ಜೊತೆ ಏನು ಮಾತಾಡಲಿ? ಅದಕ್ಕೇ ಈ ಕಾಗದ. ಹೈಸ್ಕೂಲು ಬಿಟ್ಟ ಮೇಲೆ ಇಷ್ಟುದ್ದ ಬರೆದವಳಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಕಳೆದ ಗುರುವಾರ ಹುಬ್ಬಳ್ಳಿಯಲ್ಲಿ, ಚಿಕಿತ್ಸೆಯಾಗಿ ಒಂದು ವರ್ಷದ ಮೇಲಿನ ತಪಾಸಣೆ ಆಯಿತು. ಗರ್ಭಚೀಲದ ಬಾಯಿಯಲ್ಲಿ ಏನೂ ಇಲ್ಲ. "ಪೂರ್ತಿ ವಾಸಿಯಾಗಿದೆ ನೋಡಮ್ಮ" ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಜಲೀಲ್ ಅಲ್ಲ, ಮಗಳೂ ಅಲ್ಲ, ನೀವು. ಶಿರಸಿಯಲ್ಲಿ ತೆಗೆದ ರಕ್ತದ ವರದಿಯೂ ಬಂದಿದೆ. ವೈರಸ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇದೆಯಂತೆ.

ಹನ್ನೊಂದು ವರ್ಷದ ಹಿಂದೆ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಎಚ್‌ಐವಿ ಮಾತ್ರೆ ಕೊಡುವ ಕೋಣೆಯ ಎದುರಿನ ಬೆಂಚಿನಲ್ಲಿ, ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. "ತಂಗಿ, ಸ್ವಲ್ಪ ಸರಿ, ನಂಗೂ ಜಾಗ ಬೇಕು" ಎಂದು ನೀವು ಪಕ್ಕದಲ್ಲಿ ಕೂತಿರಿ. ನನಗೂ ಇದೇ ಕಾಯಿಲೆ ಎಂದು ಒಬ್ಬರು ಸಾಮಾನ್ಯ ಧ್ವನಿಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಪ್ರತಿ ಸಲ ಮಾತ್ರೆಗೆ ಬಂದಾಗಲೂ ನಿಮ್ಮನ್ನು ಹುಡುಕುವುದು ಅಭ್ಯಾಸವಾಯಿತು.

ಗರ್ಭಚೀಲದ ತಪಾಸಣೆ ಮಾಡಿಸಿಕೋ ಎಂದು ನೀವು ಎರಡು ವರ್ಷ ನನ್ನ ಬೆನ್ನು ಬಿದ್ದಿರಿ. ಒಮ್ಮೆ ಹೊಲಿಗೆ ಇದೆ ಎಂದೆ, ಒಮ್ಮೆ ರಂಜಾನ್ ಎಂದೆ, ಒಮ್ಮೆ ಮಗಳ ಪರೀಕ್ಷೆ ಎಂದೆ. ನೀವು ಬಿಡಲಿಲ್ಲ. "ಮಾತ್ರೆ ನುಂಗಿದ್ರೆ ಎಲ್ಲ ಮುಗೀತು ಅಂದ್ಕಂಡ್ಯೇನೆ? ನಮ್ಮಂಥ ಹೆಂಗಸ್ರಿಗೆ ಗರ್ಭಚೀಲದ ಕ್ಯಾನ್ಸರ್ ಬೇಗ ಹಿಡೀತದೆ. ನೋವು ಶುರುವಾದ್ಮೇಲೆ ಓಡಿದ್ರೆ ಎಂತ ಪ್ರಯೋಜ್ನ ಮಾರಾಯ್ತಿ?" ಎಂದು ಬೈದಿರಿ.

ನಾನು ಯಾಕೆ ತಪ್ಪಿಸಿಕೊಳ್ಳುತ್ತಿದ್ದೆ ಎಂಬುದನ್ನು ಕೊನೆಗೆ ನಿಮಗೆ ಒಬ್ಬರಿಗೇ ಹೇಳಿದೆ. ಮಗಳು ಚಿಕ್ಕವಳಿದ್ದಾಗ ಬಿಳಿ ಹೋಗುತ್ತದೆ ಎಂದು ಒಂದು ಖಾಸಗಿ ದವಾಖಾನೆಗೆ ಹೋಗಿದ್ದೆ. ಮೇಜಿನ ಮೇಲೆ ಮಲಗಿದ್ದೆ. ಅಲ್ಲಿಯ ಆಯಾ ನನ್ನ ಚೀಟಿ ಓದಿ, ಬಾಗಿಲಲ್ಲಿ ನಿಂತು, "ಡಾಕ್ಟ್ರೇ, ಇದು ಆ ಪೇಷಂಟು" ಎಂದು ಹೊರಗಿನವರಿಗೆಲ್ಲ ಕೇಳುವಂತೆ ಕೂಗಿದಳು. ನನ್ನನ್ನು ಎಬ್ಬಿಸಿ, ಎಲ್ಲರದ್ದೂ ಆದ ಮೇಲೆ ಬಾ ಎಂದರು. ಸಂಜೆಯವರೆಗೆ ಕೂತು, ತೋರಿಸದೆ ಮನೆಗೆ ಬಂದೆ. ಆಮೇಲೆ ಯಾವ ಡಾಕ್ಟರ ಮೇಜಿನ ಮೇಲೂ ನಾನು ಮಲಗಿರಲಿಲ್ಲ.

ಅದನ್ನು ಕೇಳಿ ನೀವು ಅಯ್ಯೋ ಪಾಪ ಎನ್ನಲಿಲ್ಲ. "ಹಂಗಾರೆ ನಾನೂ ಒಳಗೆ ಬತ್ತೆ" ಎಂದಿರಿ.

ಬಂದೇಬಿಟ್ಟಿರಿ. ಕಳೆದ ವರ್ಷ ಅಕ್ಟೋಬರಿನಲ್ಲಿ, ಆ ಕಾಲು ನೋವಿನಲ್ಲೇ ಸಿದ್ದಾಪುರದಿಂದ ಮೊದಲ ಬಸ್ಸಿಗೆ. ಶಿರಸಿಯ ಡಾಕ್ಟರಮ್ಮ ಮೊದಲು ನನ್ನ ಹೆಸರು ಕೇಳಿದರು. ಈಗ ಹೀಗೆ ಮಾಡುತ್ತೇನೆ, ಸ್ವಲ್ಪ ತಣ್ಣಗೆ ಆಗುತ್ತದೆ, ನೋವಾದರೆ ಹೇಳಿ, ನಿಲ್ಲಿಸುತ್ತೇನೆ ಎಂದು ಒಂದೊಂದನ್ನೂ ಹೇಳಿ ಮಾಡಿದರು. ನೀವೋ, ತಲೆಯ ಹತ್ತಿರ ನಿಂತು ನನ್ನ ಕೈ ಹಿಡಿದುಕೊಂಡು ಜಗಳ ತೆಗೆದಿರಿ. "ಹೋದ ದೀಪಾವಳಿಗೆ ಹೊಲಿದು ಕೊಟ್ಯಲ್ಲ ರವಿಕೆ, ತೋಳು ಎಷ್ಟು ಬಿಗಿ ಮಾಡೀಯೇ! ಕೈ ಮೇಲೆತ್ತಕ್ಕೆ ಬರದಿಲ್ಲ." ನಾನು ಸಿಟ್ಟಿನಿಂದ, "ಅಳತೆ ಕೊಟ್ಟ ಮೇಲೆ ನೀವೇ ದಪ್ಪ ಆದ್ರೆ ನಾನೇನ್ ಮಾಡ್ಲಿ?" ಎಂದೆ. ಡಾಕ್ಟರಮ್ಮ ನಕ್ಕುಬಿಟ್ಟರು. ಅಷ್ಟರಲ್ಲಿ ಮುಗಿದೇ ಹೋಗಿತ್ತು.

ಹತ್ತಿಯಲ್ಲಿ ಔಷಧಿ ಹಚ್ಚಿದ ಜಾಗದಲ್ಲಿ ಒಂದು ಕಡೆ ಬೆಳ್ಳಗಾಗಿದೆ ಎಂದರು. "ಹೆದರಬೇಡಿ. ಇದು ಕ್ಯಾನ್ಸರ್ ಅಲ್ಲ. ಹೀಗೇ ಬಿಟ್ಟರೆ ಕೆಲವು ವರ್ಷಕ್ಕೆ ಆಗಬಹುದಿತ್ತು. ಸರಿಯಾದ ಸಮಯಕ್ಕೆ ಬಂದಿದ್ದೀರಿ" ಎಂದು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಆ "ಸರಿಯಾದ ಸಮಯ" ನನ್ನದಲ್ಲ ಜಯಕ್ಕ. ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರೆ ಇವತ್ತಿಗೂ ಮುಂದಿನ ತಿಂಗಳು ಎನ್ನುತ್ತಿದ್ದೆ.

ಹುಬ್ಬಳ್ಳಿಯದನ್ನು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿ, ಆಮೇಲೆ ಒಂದು ದಿನ ಕರೆದು, ಬಿಸಿ ತಾಗಿಸಿ ಆ ಜಾಗವನ್ನು ಸುಟ್ಟರು. ಹೊಟ್ಟೆ ಹಿಂಡಿದ ಹಾಗಾಯಿತು, ಅಷ್ಟೇ. ನಾನು ಒಂದು ರವಿಕೆಗೆ ಹುಕ್ಸ್ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ಒಂದು ತಿಂಗಳು ಗಂಡ ಹೆಂಡತಿ ದೂರ ಇರಬೇಕು, ಆಮೇಲೂ ಕಾಂಡೋಮ್ ಬಿಡಬಾರದು ಎಂದು ಡಾಕ್ಟರು ಜಲೀಲ್‌ಗೇ ಎದುರು ಕೂರಿಸಿ ಹೇಳಿದರು. ಇವರು ತಲೆ ಮೇಲೆತ್ತಿ ಫ್ಯಾನನ್ನೇ ನೋಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಬರುವಾಗ ಇವರೇ ಟೆಂಪೋ ಓಡಿಸುತ್ತಿದ್ದರು. ಕಿರವತ್ತಿ ದಾಟಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, "ಇದೂ ನನ್ನಿಂದಾನೇ ಬಂದಿದ್ದಾ?" ಎಂದು ಕೇಳಿದರು.

"ಡಾಕ್ಟ್ರೇ ಕೇಳ್ಲಿಲ್ಲ, ನೀವ್ಯಾಕ್ ಕೇಳ್ತೀರಿ? ಗಾಡಿ ನೋಡಿ ಓಡ್ಸಿ" ಎಂದೆ.

ಯಾರಿಂದ ಯಾರಿಗೆ ಎಂಬ ಮಾತನ್ನು ನಾವು ಬಿಟ್ಟು ವರ್ಷಗಳಾದವು. ಒಬ್ಬರ ಮಾತ್ರೆ ಡಬ್ಬಿಯನ್ನು ಇನ್ನೊಬ್ಬರು ನೋಡಿ ನೆನಪಿಸುತ್ತೇವೆ. ಆದರೂ ಅವತ್ತು ಇವರು ಗಾಡಿ ಬದಿಗೆ ನಿಲ್ಲಿಸಿ ಮುಖ ತೊಳೆದುಕೊಂಡು ಬಂದರು. ಆ ತಿಂಗಳು ಪೂರ್ತಿ ಬಾವಿಯ ನೀರು ಸೇದಿದ್ದು ಇವರೇ. ಖತೀಜಾ ಕೇಳಿದ್ದಕ್ಕೆ, "ಅವಳ ಸೊಂಟ ಹಿಡ್ದದೆ" ಎಂದು ಸುಳ್ಳು ಹೇಳಿದರು. ಅವಳು ಮೂರು ಬಗೆಯ ಎಣ್ಣೆ ತಂದುಕೊಟ್ಟಳು. ಬಾಟಲಿಗಳು ಇನ್ನೂ ಇವೆ.

ಇನ್ನೊಂದು. ಸೆಪ್ಟೆಂಬರಿನಲ್ಲಿ ಮಾತ್ರೆಗೆ ಹೋದಾಗ ಹುಲೇಕಲ್ ಕಡೆಯ ಒಬ್ಬ ಹುಡುಗಿ ಅಳುತ್ತ ಕೂತಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಅವಳಿಗೂ ಅದೇ ತಪಾಸಣೆ ಬರೆದಿದ್ದರು. ಏನು ಹೇಳಬೇಕೋ ತಿಳಿಯದೆ ನಾನೂ ಜೊತೆಗೆ ಒಳಗೆ ಹೋದೆ. ಅವಳು ಹಿಡಿದ ಹಿಡಿತಕ್ಕೆ ನನ್ನ ಬೆರಳು ಎರಡು ದಿನ ನೋಯುತ್ತಿತ್ತು. ಅವಳದ್ದು ಏನೂ ಇಲ್ಲ, ಮೂರು ವರ್ಷ ಬಿಟ್ಟು ಬಾ ಎಂದರಂತೆ.

ನಿಮ್ಮದನ್ನು ಮತ್ತೆ ಮಾಡಿಸುವ ಹೊತ್ತು ಬಂತಲ್ಲವೇ? ಊರವರಿಗೆಲ್ಲ ಹೇಳುವವರು ತಾವು ಮರೆಯುತ್ತಾರೆ. ದಿನ ತಿಳಿಸಿ, ನಾನು ಶಿರಸಿಗೆ ಬರುತ್ತೇನೆ. ರವಿಕೆಯನ್ನೂ ತನ್ನಿ, ತೋಳು ಬಿಚ್ಚಿ ಕೊಡುತ್ತೇನೆ.

ನಿಮ್ಮ ತಮ್ಮನಿಗೂ ಮನೆಯವರಿಗೂ ನನ್ನ ನಮಸ್ಕಾರ. ಅಲ್ಲಾಹ್ ನಿಮಗೆ ಆಯಸ್ಸು ಆರೋಗ್ಯ ಕೊಡಲಿ. ನಿಮ್ಮ ದೇವರನ್ನೂ ಕೇಳಿಕೊಂಡಿದ್ದೇನೆ. ಇಬ್ಬರೂ ಕೊಟ್ಟರೆ ಹೆಚ್ಚೇನೂ ಆಗುವುದಿಲ್ಲ.

ನಿಮ್ಮ ತಂಗಿ,
ಯಾಸ್ಮೀನ್

ತಾ.ಕ. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿದ್ದೇನೆ. ಬರೆಯಬೇಕಾದದ್ದನ್ನು ಬರೆಯದೆ ಬೇರೆಲ್ಲ ಬರೆದಿದ್ದೇನೆ.

ನೀವು ನನಗಾಗಿ ಶಿರಸಿಗೆ ಬರುವುದಕ್ಕೆ ಹತ್ತು ದಿನ ಮೊದಲು ಇಲ್ಲಿಯ ಸಂತೆಯಲ್ಲಿ ಸಿಕ್ಕಿದ್ದಿರಿ. "ಏ ಯಾಸ್ಮೀನ್!" ಎಂದು ದೂರದಿಂದ ಎಷ್ಟು ಖುಷಿಯಲ್ಲಿ ಕರೆದಿರಿ. ನನ್ನ ಜೊತೆ ಖತೀಜಾ ಇದ್ದಳು. ಯಾರವರು ಎಂದಳು. ಹೇಗೆ ಪರಿಚಯ ಎಂದು ಮುಂದೆ ಕೇಳುತ್ತಾಳೆ ಎಂದು ನನಗೆ ಭಯವಾಯಿತು. "ಗೊತ್ತಿಲ್ಲ, ಬೇರೆ ಯಾರೋ ಯಾಸ್ಮೀನ್ ಅಂದ್ಕೊಂಡ್ ಕರೀತಿದಾರೆ" ಎಂದೆ. ನೀವು ಎರಡು ಹೆಜ್ಜೆ ದೂರದಲ್ಲಿದ್ದಿರಿ. ನಿಮಗೆ ಕೇಳಿಸಿತು. ನಿಮ್ಮ ಮುಖ ಒಂದು ಕ್ಷಣ ಹೇಗಾಯಿತು ಎಂಬುದನ್ನು ನಾನು ನೋಡಿದೆ. ಆಮೇಲೆ ನೀವೇ ಖತೀಜಾಳಿಗೆ, "ತಪ್ಪಾತು ತಂಗಿ, ನಮ್ಮೂರಿನ ಯಾಸ್ಮೀನ್ ಅಂದ್ಕಂಡೆ" ಎಂದು ನಕ್ಕು ಹೋದಿರಿ.

ಹತ್ತು ದಿನ ಬಿಟ್ಟು ಬಂದು ನನ್ನ ಕೈ ಹಿಡಿದಿರಿ. ಆವತ್ತಾಗಲಿ, ಆಮೇಲಾಗಲಿ, ಒಂದು ಮಾತು ಕೇಳಲಿಲ್ಲ. ಫೋನಿನಲ್ಲಿ ನಾನು ಹಾಂ, ಹೂಂ ಎಂದಿದ್ದು ತಗಡಿನ ಗೋಡೆಗೆ ಹೆದರಿ ಮಾತ್ರ ಅಲ್ಲ ಜಯಕ್ಕ.

ಆ ಆಯಾ ನನಗೆ ಮಾಡಿದ್ದನ್ನು ಹೇಳಿಕೊಂಡು ಅತ್ತವಳು ನಿಮಗೆ ಮಾಡಿದ್ದೇನು? ಕ್ಷಮಿಸಿ ಎಂದು ಬರೆಯುವುದು ಸುಲಭ. ನೀವು ಒಮ್ಮೆ ಇಲ್ಲಿಗೆ ಬನ್ನಿ. ಖತೀಜಾಳ ಎದುರಿಗೇ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತೇನೆ. ಹೇಗೆ ಪರಿಚಯ ಎಂದರೆ ಏನು ಹೇಳುತ್ತೇನೋ ನನಗಿನ್ನೂ ಗೊತ್ತಿಲ್ಲ. ಗೊತ್ತಿಲ್ಲದವರು ಎಂದು ಮಾತ್ರ ಹೇಳುವುದಿಲ್ಲ.

ಸಂತೆಯ ದಿನವೇ ಬನ್ನಿ.