ನೆಲಗಣ್ಣಿ

ಸೆಪ್ಟೆಂಬರ್ 2, ಮಂಗಳವಾರ

ಇವತ್ತೂ ಮೆಟ್ಟಿಲು ನಿಧಾನವಾಗಿಯೇ ಹತ್ತಿದೆ. ಬಲಮಂಡಿ ನೋವು. ಕೈತುಂಬ ನೋಟ್‌ಬುಕ್ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲೂ ಹೇಳಿಲ್ಲ. ಹೇಳಿದರೆ ಯಜಮಾನರು ಆಸ್ಪತ್ರೆ ಆಸ್ಪತ್ರೆ ಅಂತ ಪ್ರಾಣ ತಿನ್ನುತ್ತಾರೆ.

ಏಳನೇ ಕ್ಲಾಸಿಗೆ 'ಮುಂದೆ ಏನಾಗ್ತೀರಿ' ಅನ್ನುವ ಪೀರಿಯಡ್ಡನ್ನು ನನ್ನ ತಲೆಗೆ ಕಟ್ಟಿದ್ದಾರೆ. ಚೀಟಿ ಹಂಚಿದೆ. ಹದಿನೇಳು ಡಾಕ್ಟರು, ಹನ್ನೊಂದು ಇಂಜಿನಿಯರು. ಒಬ್ಬ 'ಪ್ರಿನ್ಸಿಪಾಲ್, ಯಾಕೆಂದರೆ ಪಾಠ ಮಾಡಬೇಕಾಗಿಲ್ಲ' ಎಂದು ಬರೆದಿದ್ದಾನೆ. ಕಿಲಾಡಿ. ಕಿಟಕಿ ಪಕ್ಕದವಳ ಚೀಟಿ ಮಾತ್ರ ಖಾಲಿ.

ಹುಡುಗರು ಅವಳಿಗೆ ನೆಲಗಣ್ಣಿ ಅಂತ ಹೆಸರಿಟ್ಟಿದ್ದಾರೆ. ಪಾಠ ಶುರುವಾದರೆ ಸಾಕು, ಕಣ್ಣು ನೆಲಕ್ಕೆ. ಹಿಂದುಳಿದವರ 'ಸಿ' ವಿಭಾಗಕ್ಕೆ ತಳ್ಳಬೇಕಾದವರ ಪಟ್ಟಿಯಲ್ಲಿ ಅವಳೇ ಮೊದಲು. ಷರಾ ನನ್ನದೇ: ಗಮನವಿಲ್ಲ, ಸದಾ ನೆಲ ನೋಡುತ್ತಾಳೆ. ಹನ್ನೆರಡನೇ ತಾರೀಕು ಮೀಟಿಂಗ್. 'ಸಿ'ಗೆ ಹೋದವರು ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ.

ಸೆಪ್ಟೆಂಬರ್ 3

ಚೀಟಿಯಿಂದ ಏನೂ ಆಗುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಕೆಲಸದವರ ಜೊತೆ ಅರ್ಧ ದಿನ ಇರಲಿ, ಅವರ ಕೈ ಏನು ಮಾಡುತ್ತದೆ ಅಂತ ನೋಡಿ ಬಂದು ಹೇಳಲಿ — ಹಾಗಂದೆ. ಬೋರ್ಡಿನಲ್ಲಿ ಪಟ್ಟಿ ಹಾಕಿದ್ದೇ ತಡ, ಅಗ್ನಿಶಾಮಕ ದಳ, ಬೇಕರಿ, ರೇಡಿಯೋ ಎಲ್ಲ ಖಾಲಿ. ಆಸ್ಪತ್ರೆ ಹಿಂದಿನ ಕೃತಕ ಕಾಲು ಮಾಡುವ ವರ್ಕ್‌ಶಾಪ್ ಯಾರಿಗೂ ಬೇಡ. ಉಳಿದದ್ದನ್ನು ಉಳಿದವಳಿಗೆ, ನೆಲಗಣ್ಣಿಗೆ, ಕಟ್ಟಿದೆ. ಜೊತೆಗೆ ನಾನೇ ಹೋಗಬೇಕಂತೆ. ನನ್ನ ಹಣೆಬರಹ.

ಸೆಪ್ಟೆಂಬರ್ 9, ಸಂಜೆ 4.40

ವರ್ಕ್‌ಶಾಪಿನಿಂದ ಈಗಷ್ಟೇ ಬಂದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಗೋಡೆ ತುಂಬ ಕಾಲುಗಳು. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಮುದುಕರು, ಕಾಲು ಮಾಡುವವರು. ಅಪಘಾತದಲ್ಲಿ ಎಡಗಾಲು ಕಳೆದುಕೊಂಡ ಪೋಸ್ಟ್‌ಮ್ಯಾನ್ ಹೊಸ ಕಾಲು ಹಾಕಿಕೊಂಡು ಕಂಬಿ ಹಿಡಿದು ನಡೆಯುತ್ತಿದ್ದರು. ಮೂರನೇ ಸಲ ಬಂದಿದ್ದಾರೆ, ಸರಿಹೋಗುತ್ತಿಲ್ಲ. ಇನ್ನು ಕೌಂಟರಿನಲ್ಲೇ ಕೂತುಬಿಡುತ್ತೇನೆ ಅಂದರು. ಅಳತೆಯೆಲ್ಲ ಸರಿಯಿದೆಯಲ್ಲ ಎಂದು ಮುದುಕರು ತಲೆ ಕೆರೆದುಕೊಂಡರು.

ನೆಲದ ಮೇಲೆ ಕೂತಿದ್ದ ಇವಳು ಬಾಯಿಬಿಟ್ಟಳು. ಈ ವರ್ಷ ನಾನು ಕೇಳಿದ ಅವಳ ಮೊದಲ ಉದ್ದ ಮಾತು.

"ತಾತ, ಅವ್ರು ಬಲಗಾಲನ್ನ ಬೇಗ ಬೇಗ ಊರಿಬಿಡ್ತಾರೆ. ಹೊಸ ಕಾಲ ಮೇಲೆ ಭಾರ ಬಿಡೋಕೆ ಹೆದರಿಕೆ. ಅದರ ಹಿಮ್ಮಡಿ ನೆಲಕ್ಕೆ ತಾಗಿದ ತಕ್ಷಣ ಮಂಡೀನ ಮುಂದಕ್ಕೆ ನೂಕತ್ತೆ, ನೋಡಿ."

ಮುದುಕರು ಅವಳ ಪಕ್ಕ ನೆಲದಲ್ಲೇ ಕೂತರು. ಇನ್ನೊಮ್ಮೆ ನಡೆಸಿ ನೋಡಿದರು. ಎದ್ದು ಪಾದದ ಹತ್ತಿರ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿಸಿದರು. ಪೋಸ್ಟ್‌ಮ್ಯಾನ್ ನಾಲ್ಕು ಹೆಜ್ಜೆ ಹಾಕಿದರು… ಕಂಬಿ ಬಿಟ್ಟರು. ಬಾಗಿಲವರೆಗೆ ಹೋಗಿ ಬಂದರು. ಹೆಗಲಲ್ಲಿ ಚೀಲವಿಲ್ಲದಿದ್ದರೂ ಇರುವ ಹಾಗೇ ಒಂದು ಕೈ ಅಲ್ಲಿ ಹಿಡಿದುಕೊಂಡಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ.

"ಇಂಥದ್ದು ಕಣ್ಣಿಗೆ ಬೀಳೋಕೆ ನಂಗೆ ಎಂಟು ವರ್ಷ ಬೇಕಾಯ್ತು. ಈ ಮಗು ಎಲ್ಲಿ ಕಲೀತು, ಟೀಚರ್?" ಅಂದರು ಮುದುಕರು.

ಬಸ್ಸಿನಲ್ಲಿ ನಾನೇ ಕೇಳಿದೆ, ಯಾಕಮ್ಮ ಯಾರ ಮುಖವನ್ನೂ ನೋಡುವುದಿಲ್ಲ ಅಂತ.

"ಮುಖಾನ ಎಲ್ರೂ ಸರಿಮಾಡ್ಕೊಂಡಿರ್ತಾರೆ ಟೀಚರ್. ಕಾಲು ಹಂಗಲ್ಲ."

ಇಪ್ಪತ್ತೆರಡು ವರ್ಷದಿಂದ ಬೋರ್ಡ್ ನೋಡುವ ಕಣ್ಣುಗಳನ್ನಷ್ಟೇ ಎಣಿಸಿ ಗಮನ ಅಂದುಕೊಂಡಿದ್ದೆ. ಇನ್ನೆಷ್ಟು ಮಕ್ಕಳ ಮೇಲೆ ಆ ಷರಾ ಬರೆದಿದ್ದೇನೋ.

ಸೆಪ್ಟೆಂಬರ್ 12, ಶುಕ್ರವಾರ

ಮೀಟಿಂಗ್. ನನ್ನ ಷರಾ ತಪ್ಪು, ವಾಪಸ್ ತಗೋತೀನಿ ಅಂದೆ. ಸಹಿ ಆಗಿಹೋಗಿದೆಯಲ್ಲ ಎಂದು ಪ್ರಿನ್ಸಿಪಾಲ್ ಗೊಣಗಿದರು. ಫೈಲ್ ಎಳೆದುಕೊಂಡು ಹಳೆಯದಕ್ಕೆ ಗೀಟು ಹಾಕಿ ಕೆಳಗೆ ಬರೆದೆ: ವಿದ್ಯಾರ್ಥಿನಿಗೆ ಗಮನವಿದೆ. ಇಲ್ಲದಿದ್ದದ್ದು ನನಗೆ.

"ಇದನ್ನ ಫೈಲಲ್ಲಿ ಇಡೋಕಾಗತ್ತಾ ಮೇಡಂ?"

ಇಡಿ ಸರ್ ಅಂದೆ. ಇಟ್ಟರು. ಅವಳು ನನ್ನ ಕ್ಲಾಸಿನಲ್ಲೇ ಉಳಿದಳು.

ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಅವಳೇ ನಿಂತಿದ್ದಳು. ಸುದ್ದಿ ಹೇಳಿದೆ. ತಲೆಯಾಡಿಸಿದಳು. ನನ್ನ ಕೈಯಿಂದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಬಲಗಡೆಗೆ ಬಂದು ಹೆಗಲು ಕೊಟ್ಟಳು.

"ನೀವು ಯಾರಿಗೂ ಹೇಳಿಲ್ಲ ಅಂತ ನಾನೂ ಹೇಳ್ಲಿಲ್ಲ ಟೀಚರ್. ಜುಲೈಯಿಂದ ನೋಡ್ತಿದೀನಿ."

ಸೆಪ್ಟೆಂಬರ್ 13, ಬೆಳಿಗ್ಗೆ 9

ಯಜಮಾನರಿಗೆ ಹೇಳಿದೆ. ಬೈದರು, ರಜೆ ಹಾಕಿದರು. ಆಸ್ಪತ್ರೆಗೆ ಹೊರಟಿದ್ದೇವೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಚಪ್ಪಲಿಯನ್ನು ಮೊದಲ ಸಲ ತಿರುಗಿಸಿ ನೋಡಿದೆ. ಎಡಗಾಲಿನದು ಹೊಸದರಂತೆಯೇ ಇದೆ. ಬಲಗಾಲಿನದು ಹೊರ ಅಂಚಿನಲ್ಲಿ ಪೂರ್ತಿ ಸವೆದು —