ಕಣಿವೆಯಾಚೆಯ ಕೋಣೆ

ಏಪ್ರಿಲ್ 1, ಸೋಮವಾರ. ಸಂಜೆ

ಮತ್ತೆ ಅದೇ ಪುಟ ತೆರೆದೆ. ಪಾತ್ರೆ ತೊಳೆದಾಗಿದೆ, ನಾಳೆಯ ಮೀನಿಗೆ ಮಸಾಲೆ ಸವರಿಟ್ಟಾಗಿದೆ, ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆಗಳ ರಾಶಿ ಎದುರಿಗಿದೆ — ಕಣ್ಣು ಮಾತ್ರ ಫೋನಿನಲ್ಲಿ. ಜಬಲ್ ಅಖ್ದರ್ ಬೆಟ್ಟದ ಆ ಹೋಟೆಲು. ಬಂಡೆಯ ಅಂಚಿಗೆ ಬಾಲ್ಕನಿ, ಬಾಲ್ಕನಿಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಯಾವಳೋ ಹೆಂಗಸು ಕಾಲು ಚಾಚಿ ಕೂತಿದ್ದಾಳೆ. ಒಂದು ರಾತ್ರಿಗೆ ನೂರ ಎಂಬತ್ತು ರಿಯಾಲ್. ತಿಂಡಿ ಸೇರಿ. ಅಷ್ಟು ದುಡ್ಡಿಗೆ ತಿಂಡಿಯನ್ನು ಬಾಯಿಗೇ ಇಡಬೇಕು.

ಟೀಚರುಗಳ ಚೀಟಿ ಈ ತಿಂಗಳು ನನಗೆ ಬಂದಿದೆ. ಹಿಂದಿನ ಸಲದ್ದು ಮಗ ಮುಂಧಿರನ ಕಾಲೇಜಿಗೆ ಹೋಯಿತು. ಅದಕ್ಕೂ ಹಿಂದಿನದು ನೀರಿನ ಟ್ಯಾಂಕಿಗೆ. ಈ ಸಲ ಯಾರಿಗೂ ಕೊಡುವುದಿಲ್ಲ.

ಮದುವೆಯಾಗಿ ಇಪ್ಪತ್ತೈದು ವರ್ಷ. ಇವರ ಊರು ಆ ಬೆಟ್ಟದ ಮೇಲೇ ಇದೆ. ಹಬ್ಬಕ್ಕೆ, ಮದುವೆಗೆ, ಸಾವಿಗೆ, ಗುಲಾಬಿ ಕೊಯ್ಲಿಗೆ — ಎಷ್ಟು ಸಲ ಹತ್ತಿದ್ದೇನೋ. ಬೆಟ್ಟ ಮಾತ್ರ ನೋಡಿಲ್ಲ. ನೋಡಿದ್ದು ಓರಗಿತ್ತಿ ರಯ್ಯಾಳ ಅಡುಗೆಮನೆ. ಗಂಡಸರು ಮಜ್ಲಿಸ್ ಪಡಸಾಲೆಯಲ್ಲಿ ಒರಗಿಕೊಂಡು "ಆಹಾ, ಏನು ತಂಪು ಗಾಳಿ" ಅನ್ನುತ್ತಾರೆ. ನಾವಿಬ್ಬರು ಅನ್ನದ ಹಂಡೆಯ ಮುಂದೆ ಬೆವರುತ್ತಿರುತ್ತೇವೆ.

ಎರಡೇ ರಾತ್ರಿ. ಕೂತಲ್ಲಿಗೆ ಯಾರಾದರೂ ತಂದು ಕೊಡಬೇಕು. ಇದೂ ದೊಡ್ಡ ಆಸೆಯಾ?

ಏಪ್ರಿಲ್ 3, ಬುಧವಾರ

ಇವರಿಗೆ ಹೇಳಿದೆ. ಊಟವಾದ ಮೇಲೆ, ಹೊಟ್ಟೆ ತುಂಬಿದಾಗ.

"ಹೋಟೆಲ್ಲಾ? ನಮ್ಮೂರಲ್ಲಾ?"

"ಹೂಂ."

"ಅಣ್ಣನ ಮನೆ ಎದುರಿಗಿಟ್ಕೊಂಡು?"

"ಎದುರಿಗಿಲ್ಲ. ಕಣಿವೆ ಆಚೆ."

"ಊರವ್ರು ಕ್ಯಾಕರಿಸಿ ಉಗೀತಾರೆ ಕಣೇ. ಹುಟ್ಟಿದೂರಲ್ಲಿ ದುಡ್ಡು ಕೊಟ್ಟು ಮಲಗೋನು ಒಂದೋ ದಿಕ್ಕಿಲ್ಲದೋನು, ಇಲ್ಲಾ ಅಣ್ಣನ ಜೊತೆ ಜಗಳ ಆಡ್ಕೊಂಡೋನು. ಈ ಖಲ್ಫಾನ್ ಇವೆರಡ್ರಲ್ಲಿ ಯಾವೋನು ಅಂತ ನನ್ನನ್ನೇ ಕೇಳ್ತಾರೆ."

"ಹೆಂಡತಿಗೆ ಮಾತು ಕೊಟ್ಟೋನು ಅನ್ನಿ. ಆ ಹೋಟೆಲ್ ಕಟ್ತಿರುವಾಗ ಏನಂದ್ರಿ? ಮುಗೀಲಿ, ಕರ್ಕೊಂಡ್ ಹೋಗ್ತೀನಿ ಅಂದ್ರಿ. ಆಗ ಮುಂಧಿರ ಮೂರನೇ ಕ್ಲಾಸು. ಈಗ ಗಡ್ಡ ಬೋಳಿಸ್ತಾನೆ."

"ಆ ದುಡ್ಡಿಗೆ ಎರಡು ಎ.ಸಿ. ಬರುತ್ತೆ."

"ಬೆಟ್ಟಕ್ಕೆ ಹೋದ್ರೆ ಎ.ಸಿ.ನೇ ಬೇಡ."

ಇವರು ಟಿ.ವಿ.ಯ ಸದ್ದು ಜಾಸ್ತಿ ಮಾಡಿದರು.

ಇವರು ಹೇಳಿದ್ದು ಸುಳ್ಳಲ್ಲ. ಅದೇ ಸಂಕಟ. ತವರೂರು ಸುವೈಕ್‌ನಿಂದ ಬಂದ ನನ್ನ ತಮ್ಮ ಇಲ್ಲೇ ಮಸ್ಕತ್‌ನಲ್ಲಿ ಹೋಟೆಲು ಹಿಡಿದಿದ್ದ ಅಂತ ನಾನೇ ಎರಡು ತಿಂಗಳು ಅವನ ಹತ್ತಿರ ಮಾತು ಬಿಟ್ಟಿದ್ದೆ. ನಮ್ಮ ಜನವೇ ಹೀಗೆ. ನೆಂಟರ ಮನೆಯಿರುವ ಊರಲ್ಲಿ ಬೀಗದ ಕೈ ಕೊಡುವ ಕೋಣೆಯಲ್ಲಿ ಮಲಗಿದರೆ ನೆಂಟರ ಕೆನ್ನೆಗೆ ಹೊಡೆದ ಹಾಗೆ.

ಏಪ್ರಿಲ್ 4

ಇವತ್ತು ಮೀನು ಸೀದುಹೋಯಿತು. ಬೇಕಂತ ಅಲ್ಲ... ಬೇಕಂತಲೇ ಇದ್ದರೂ ಇರಬಹುದು.

ಏಪ್ರಿಲ್ 10, ಬುಧವಾರ

ಸ್ಟಾಫ್ ರೂಮಿನಲ್ಲಿ ಥುರಯ್ಯಾಳನ್ನು ಕೇಳಿದೆ. ಹೋದ ವರ್ಷ ಆ ಹೋಟೆಲಿಗೆ ಹೋಗಿ ಬಂದವಳು.

"ದುಡ್ಡು ದಂಡ ಕಣೇ. ಒಂದ್ ಲೋಟ ಚಹಾಕ್ಕೆ ಮೂರು ರಿಯಾಲ್! ಮೋಡ ಇಳಿದ್ರೆ ಮೂಗಿನ ತುದೀನೂ ಕಾಣಲ್ಲ. ದಿಂಬು ನೋಡಿದ್ರೆ ಅಷ್ಟೆತ್ತರ, ಕತ್ತು ಹಿಡ್ಕೊಂಡ್ತು."

"ಹಾಗಾದ್ರೆ ಹೋಗ್ಬಾರ್ದಿತ್ತು ಅಂತೀಯ?"

"ಯಾರಂದ್ರು? ಇನ್ನೊಂದ್ಸಲ ಹೋಗ್ತೀನಿ."

ಇಂಥವರನ್ನು ಕೇಳಿ ನಿರ್ಧಾರ ಮಾಡುವುದು ಹೇಗೆ? ಮನೆಗೆ ಬಂದು ಮತ್ತೆ ಫೋಟೋ ನೋಡಿದೆ. ಆ ಹೆಂಗಸು ಇನ್ನೂ ಕಾಲು ಚಾಚಿಕೊಂಡೇ ಇದ್ದಳು. ಸಿಟ್ಟು ಬಂತು. ಒತ್ತಿಬಿಟ್ಟೆ.

ಹದಿನೆಂಟು, ಹತ್ತೊಂಬತ್ತು. ಗುರುವಾರ, ಶುಕ್ರವಾರ. ರದ್ದು ಮಾಡಿದರೆ ಒಂದು ಬೈಸಾ ವಾಪಸಿಲ್ಲ. ಒಳ್ಳೆಯದೇ ಆಯಿತು.

ಏಪ್ರಿಲ್ 11

ಇವರು ಒಪ್ಪಿದರು. ಹಣ ಹೋಗುತ್ತದಲ್ಲ ಅಂತ. ಒಂದೇ ಷರತ್ತು — ಹುಮೈದ್ ಭಾವನ ಕಿವಿಗೆ ಬೀಳಕೂಡದು. "ಗುಲಾಬಿ ಕಾಲ ಬೇರೆ. ಅವ್ರಲ್ಲಿ ಹೂ ಕೀಳೋಕೆ ಕೈ ಸಾಲದೆ ಒದ್ದಾಡ್ತಿರ್ತಾರೆ, ನಾವಿಲ್ಲಿ ಕೂತು ಮೋಡ ನೋಡೋದಾ?" ಎಂದರು. ಆಮೇಲೆ ತಾವೇ ಸೂಟ್‌ಕೇಸಿನ ಧೂಳು ಒರೆಸಿದರು. ಪಾಪ ಅನ್ನಿಸಿತು. ಅರ್ಧ ನಿಮಿಷ.

ಏಪ್ರಿಲ್ 18, ಗುರುವಾರ. ಮಧ್ಯಾಹ್ನ ಮೂರು, ಕಾರಿನಲ್ಲಿ

ಬೆಟ್ಟದ ಬುಡ. ಪೊಲೀಸ್ ತಪಾಸಣೆ ದಾಟಿ ಹತ್ತು ಹೆಜ್ಜೆ ಮುಂದೆ ನಿಂತಿದ್ದೇವೆ. ಇವರು ಕೆಳಗಿಳಿದು ಟೈರ್ ನೋಡುತ್ತಿದ್ದಾರೆ. ಟೈರಿಗೆ ಏನೂ ಆಗಿಲ್ಲ. ನನ್ನ ಮುಖ ನೋಡುವ ಧೈರ್ಯವಿಲ್ಲ.

ಆಗಿದ್ದಿಷ್ಟು. ಬೆಟ್ಟ ಹತ್ತಲು ಫೋರ್ ವೀಲ್ ಡ್ರೈವ್ ಗಾಡಿಯೇ ಆಗಬೇಕು. ಅದನ್ನು ನೋಡಿದ ಪೊಲೀಸಪ್ಪ ಬಾಯ್ತುಂಬ ನಗುತ್ತಾ, "ಎಲ್ಲಿಗೆ ಚಿಕ್ಕಪ್ಪಾ?" ಅಂತ ಕೇಳಿದ.

ಇವರ ಬಾಯಿ! ಐವತ್ತೈದು ವರ್ಷದ ಅಭ್ಯಾಸ. "ಅಣ್ಣನ ಮನೆಗಪ್ಪಾ. ಹುಮೈದ್ ಅಂತ."

"ಗುಲಾಬಿ ತೋಟದ ಹುಮೈದ್ ದೊಡ್ಡಪ್ಪನ ಮನೆಗಾ? ನಮ್ಮತ್ತೆ ಮನೆ ಪಕ್ಕದಲ್ಲೇ! ತಾಳಿ, ಒಂದು ಫೋನ್ ಹಾಕ್ತೀನಿ."

"ಬೇಡಪ್ಪಾ, ಬೇಡ—"

"ಅಯ್ಯೋ, ಅದರಲ್ಲೇನಿದೆ."

ಹಾಕಿಯೇಬಿಟ್ಟ. ಭಾವನ ಗಂಟಲು ನನಗೇ ಕೇಳಿಸಿತು. "ತಮ್ಮ ಬಂದ್ನಾ? ಬರ್ಲಿ ಬರ್ಲಿ! ಈಗ್ಲೇ ಆಡು ಕೆಡವ್ತೀನಿ!"

ಮುಗಿಯಿತು. ಆಡು ಕಡಿದ ಮನೆಗೆ ಹೋಗದೆ ಇರುವವರು ಯಾರು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಇವರು ಈಗ ನಾಲ್ಕನೇ ಟೈರಿಗೆ ಹೋಗಿದ್ದಾರೆ. ಸ್ಟೆಪ್ನಿಯನ್ನೂ ನೋಡಲಿ.

ಏಪ್ರಿಲ್ 19, ಶುಕ್ರವಾರ. ಬೆಳಿಗ್ಗೆ, ರಯ್ಯಾಳ ಮನೆ

ನೂರ ಎಂಬತ್ತು ರಿಯಾಲಿನ ಹಾಸಿಗೆಯಲ್ಲಿ ನಿನ್ನೆ ಯಾರೂ ಮಲಗಲಿಲ್ಲ.

ಮಜ್ಲಿಸ್ ತುಂಬ ಜನ. ಅಕ್ಕಪಕ್ಕದವರೆಲ್ಲ ತಮ್ಮ ಬಂದ ಅಂತ ಬಂದಿದ್ದರು. ಅನ್ನ, ಮಾಂಸ, ಮತ್ತೆ ಅನ್ನ, ಕಾಫಿ, ಹಲ್ವಾ, ಮತ್ತೆ ಕಾಫಿ. ದೊಡ್ಡ ತಟ್ಟೆಗಳನ್ನು ನಾನು ಉಜ್ಜುತ್ತಿದ್ದೆ, ರಯ್ಯಾ ತೊಳೆಯುತ್ತಿದ್ದಳು. ಕಿಟಕಿಯಾಚೆ, ಕಣಿವೆ ದಾಟಿ, ಹೋಟೆಲಿನ ದೀಪಗಳು. ನನ್ನ ದೀಪ ಯಾವುದೋ.

ಫೋನು ಹೊಡೆದುಕೊಂಡಿತು. ಕೈಯೆಲ್ಲ ಸೋಪು. ಕಿರುಬೆರಳಲ್ಲಿ ಒತ್ತಿದೆ, ಎಲ್ಲೆಲ್ಲಿ ಒತ್ತಿತೋ, ಅಡುಗೆಮನೆ ತುಂಬ ಕೇಳಿಸಿತು. "ಮೇಡಂ, ನಿಮ್ಮ ರೂಮು ರೆಡಿ ಇದೆ. ಎಷ್ಟು ಹೊತ್ತಿಗೆ ಬರ್ತೀರಿ? ಊಟ ಎತ್ತಿಡ್ಸೋಣ್ವಾ?"

ರಯ್ಯಾ ನಲ್ಲಿ ನಿಲ್ಲಿಸಿದಳು.

"ಯಾವ ರೂಮು?"

ಸುಳ್ಳು ಹೊಳೆಯಲಿಲ್ಲ. ಕಿಟಕಿಯ ಕಡೆ ನೋಡಿದೆ. ಅವಳೂ ನೋಡಿದಳು.

"ನಮ್ಮನೇಲಿ ಹಾಸಿಗೆ ಇರ್ಲಿಲ್ವಾ ಜುವೈನಾ?"

"ಇತ್ತಕ್ಕಾ."

"ಅನ್ನ ಸರಿಯಾಗಿ ಹಾಕ್ಲಿಲ್ವಾ ನಾನು?"

"ಹಾಗಲ್ಲಕ್ಕಾ."

"ಮತ್ತೆ ಹೇಗೆ?"

ಆಗ ಬಂತು ನೋಡು, ಎಲ್ಲಿತ್ತೋ. "ಹಾಸಿಗೆ ಇದೆ. ಅದನ್ನ ಹಾಸೋಳು ನಾನು, ಮಡಿಸೋಳು ನೀನು. ಅನ್ನ ಇದೆ. ಬಸಿಯೋಳು ನೀನು, ಬಡಿಸೋಳು ನಾನು. ಒಂದ್ಸಲ, ಒಂದೇ ಒಂದ್ಸಲ ಬೇರೆ ಯಾರಾದ್ರೂ ಮಾಡ್ಲಿ ಅನ್ನಿಸ್ತು, ಅಷ್ಟೇ!" ದನಿ ಏರಿತು. ಅಳು ಬಂತು. ದುಃಖದ್ದಲ್ಲ, ರೇಗಿದ ಅಳು. ಅದಕ್ಕೆ ಇನ್ನೂ ನಾಚಿಕೆಯಾಯಿತು.

ಅವಳು ಮತ್ತೆ ನಲ್ಲಿ ಬಿಟ್ಟಳು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ" ಅಂತಷ್ಟೇ ಅಂದಳು. ಕೊನೆಯ ತಟ್ಟೆ ತೊಳೆದು, ಒರೆಸಿ, ಹೋಗಿ ಮಲಗಿದಳು. ಅಕ್ಕನೂ ಹೋದಳು, ಹೋಟೆಲೂ ಹೋಯಿತು ಅಂದುಕೊಂಡೆ.

ಅದೇ ದಿನ, ಹೂ ಕಿತ್ತು ಬಂದ ಮೇಲೆ

ಬಿಸಿಲು ಏರುವ ಮೊದಲು ಗುಲಾಬಿ ಕೀಳಬೇಕು, ಇಲ್ಲದಿದ್ದರೆ ವಾಸನೆ ಹಾರಿಹೋಗುತ್ತದೆ. ರಯ್ಯಾ ಮುಂದೆ, ನಾನು ಹಿಂದೆ. ಒಂದು ಸಾಲು ಮುಗಿಯುವವರೆಗೂ ಅವಳ ಬೆನ್ನು ಮಾತ್ರ ಕಂಡಿತು. ನನ್ನ ಬೆರಳಿಗೆಲ್ಲ ಮುಳ್ಳು.

ಥಟ್ಟನೆ ಕೇಳಿದಳು, ತಿರುಗದೆಯೇ. "ಆ ಬಾಲ್ಕನೀಲಿ ಕೂತೋರಿಗೆ ನಮ್ಮ ಮುಖ ಕಾಣುತ್ತಾ?"

"ಗೊತ್ತಿಲ್ಲಕ್ಕಾ."

"ದಿನಾ ಬೆಳಿಗ್ಗೆ ಯಾರಾದ್ರೂ ಕೂತಿರ್ತಾರೆ. ಬಿಳಿ ಗೌನ್ ಹಾಕ್ಕೊಂಡು, ಕೈಲೊಂದು ಲೋಟ ಹಿಡ್ಕೊಂಡು. ನಾನು ಒಂದೊಂದ್ಸಲ ಕೈ ಬೀಸ್ತೀನಿ. ಅವ್ರೂ ಬೀಸ್ತಾರೆ." ಎರಡು ಹೂ ಕಿತ್ತಳು. "ಆ ಲೋಟದಲ್ಲಿ ಏನಿರುತ್ತೆ ಅಂತ ಎಷ್ಟು ವರ್ಷದಿಂದ ಯೋಚ್ನೆ ಮಾಡ್ತಿದೀನಿ ಗೊತ್ತಾ?"

ಇಷ್ಟು ವರ್ಷ ಅದೇ ಕಿಟಕಿಯ ಮುಂದೆ ಇಬ್ಬರೂ ಪಾತ್ರೆ ತೊಳೆದಿದ್ದೇವೆ. ಆಚೆ ನೋಡುತ್ತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆನಲ್ಲ.

ಮಧ್ಯಾಹ್ನ, ನಮಾಜು ಊಟ ಎಲ್ಲ ಆದ ಮೇಲೆ

ಮಜ್ಲಿಸ್ ಬಾಗಿಲಲ್ಲಿ ನಿಂತು ಹೇಳಿದೆ. ಅಣ್ಣ ತಮ್ಮ ಇಬ್ಬರೇ ಇದ್ದರು. "ಇವತ್ತು ರಾತ್ರಿ ನಾನು ಹೋಟೆಲಲ್ಲಿರ್ತೀನಿ. ಅಕ್ಕನ್ನೂ ಕರ್ಕೊಂಡ್ ಹೋಗ್ತೀನಿ."

ಇವರ ಮುಖ ಬಿಳಿಚಿತು. ಭಾವನಿಗೆ ಅರ್ಥವಾಗಲಿಲ್ಲ. "ಯಾವ ಹೋಟೆಲು? ಯಾಕೆ? ಮನೆ ಇದೆಯಲ್ಲ?"

ಇವರು ನೆಲ ನೋಡಿಕೊಂಡು ಎಲ್ಲ ಒಪ್ಪಿಕೊಂಡರು. ಭಾವ ತಮ್ಮನನ್ನೇ ದಿಟ್ಟಿಸಿದರು. "ಊರವ್ರು ಏನಂತಾರೆ ಖಲ್ಫಾನ್?"

ನನ್ನ ಬೆನ್ನ ಹಿಂದಿನಿಂದ ರಯ್ಯಾ. "ತಮ್ಮ ಬಂದಿದ್ದ, ಅಣ್ಣನ ಮನೇಲೇ ಮಲಗಿದ್ದ ಅಂತಾರೆ. ಮರ್ಯಾದೆ ಉಳೀತಲ್ಲ? ಹೆಂಗಸ್ರು ಎಲ್ಲಿ ಮಲಗಿದ್ರು ಅಂತ ಯಾವಾಗ ಯಾರು ಕೇಳಿದಾರೆ?"

"ನಾಳೆ ಹೂವು?" ಅಂದರು ಭಾವ.

"ನಿಮಗೆ ಕೈ ಇಲ್ವಾ? ಇಬ್ಬರಿಗೂ ಸೇರಿ ನಾಲ್ಕಿವೆ."

ಭಾವ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಇವರು ಎದ್ದು ಕಾರಿನ ಕೀಲಿ ತಂದು ನನ್ನ ಕೈಗಿಟ್ಟರು. "ಗುಡ್ಡದ ತಿರುವಲ್ಲಿ ನಿಧಾನ," ಅಂದರು. ಅಷ್ಟು ಹೊತ್ತಿಗೆ ರಯ್ಯಾ ಹೊರಗೆ ಹೋಗುವ ಅಬಾಯಾ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು.

ಸಂಜೆ, ಹೋಟೆಲು

ತಲೆ ಕೆಟ್ಟುಹೋಗಿದೆ.

ರಯ್ಯಾ ಫ್ಲಾಸ್ಕ್ ತಂದಿದ್ದಾಳೆ. ಖರ್ಜೂರದ ಡಬ್ಬಿ ತಂದಿದ್ದಾಳೆ. ಹೊದಿಕೆ ತಂದಿದ್ದಾಳೆ! ಒಳಗೆ ಬಂದವಳೇ ಮೊದಲು ಮಾಡಿದ ಕೆಲಸ, ಟ್ರೇಯಲ್ಲಿದ್ದ ಕಪ್ಪುಗಳನ್ನು ಬಚ್ಚಲಿಗೆ ಒಯ್ದು ತೊಳೆದದ್ದು. ಆಮೇಲೆ ಹಾಸಿಗೆ ಸರಿಯಾಗಿ ಹಾಸಿಲ್ಲ ಅಂತ ಎಳೆದು ಮತ್ತೆ ಹಾಸಿದಳು. ಚಹಾದ ಬೆಲೆ ಕೇಳಿ ಎದೆ ಹಿಡಿದುಕೊಂಡಳು. "ಮೂರು ರಿಯಾಲಾ? ಎಲೆ ಏನು ಚಿನ್ನದ್ದಾ?"

"ಅಕ್ಕಾ, ಸುಮ್ನೆ ಕೂತ್ಕೋ."

"ಕೂತಿದೀನಲ್ಲ."

ಕೂತಿಲ್ಲ. ಕಿಟಕಿ ಗಾಜು ಒರೆಸುತ್ತಿದ್ದಾಳೆ. ಬೈಯೋಣ ಅಂತ ಎದ್ದೆ — ನೋಡಿದರೆ ನನ್ನ ಕೈಯಲ್ಲೇ ಟವೆಲು, ಅದನ್ನು ನಾಲ್ಕು ಮಡಿಕೆ ಮಾಡುತ್ತಾ ನಿಂತಿದ್ದೇನೆ. ಇಷ್ಟು ದುಡ್ಡು ಸುರಿದು ಮನೆಗೆಲಸಕ್ಕೆ ಬಂದ ಹಾಗಾಯಿತು. ಎರಡು ರಾತ್ರಿಯಲ್ಲಿ ಒಂದು ಆಡಿನ ಪಾಲಾಯಿತು, ಇನ್ನೊಂದು ನಮ್ಮ ಕೈಗಳ ಪಾಲಾಗುತ್ತಿದೆ. ಕೂರುವುದು ನಮಗೆ ಬರುವುದೇ ಇಲ್ಲವಾ? ಬೇಕಿರಲಿಲ್ಲ. ಎರಡು ಎ.ಸಿ.ಯಾದರೂ ಬರುತ್ತಿತ್ತು.

ಏಪ್ರಿಲ್ 20, ಶನಿವಾರ. ಬೆಳಿಗ್ಗೆ ಆರೂವರೆ, ಬಾಲ್ಕನಿ

ನಮಾಜು ಮುಗಿಸಿ ರಯ್ಯಾ ಆ ಬಿಳಿ ಗೌನ್ ಹಾಕಿಕೊಂಡಳು, ತನ್ನ ಬಟ್ಟೆಯ ಮೇಲೆಯೇ, ತಲೆವಸ್ತ್ರದ ಸಮೇತ. ಕುರ್ಚಿಯಲ್ಲಿ ಕೂತಳು. ಮೊದಲು ತುದಿಯಲ್ಲಿ. ಆಮೇಲೆ ಪೂರ್ತಿ.

"ಆ ಲೋಟದಲ್ಲಿರೋದನ್ನ ತರ್ಸು."

ಕಾಫಿ ಬಂತು. ಒಂದು ಗುಟುಕು ಕುಡಿದಳು. ಇಷ್ಟು ವರ್ಷದ ಯೋಚನೆ! ಮುಖ ಕಿವುಚಿದಳು. "ಬರೀ ಹಾಲು. ಏಲಕ್ಕಿ ಇಲ್ಲ, ಗುಲಾಬಿ ನೀರಿಲ್ಲ. ಸಪ್ಪೆ." ಪೂರ್ತಿ ಕುಡಿದಳು. "ಇನ್ನೊಂದು ತರ್ಸು."

ಕೆಳಗೆ, ಕಣಿವೆಯಾಚೆ, ಮೆಟ್ಟಿಲು ಮೆಟ್ಟಿಲಾದ ತೋಟದಲ್ಲಿ ಇಬ್ಬರು ಗಂಡಸರು. ಇಷ್ಟಿಷ್ಟೇ ಕಾಣುತ್ತಾರೆ. ಒಬ್ಬರು ಬುಟ್ಟಿ ಹಿಡಿದಿದ್ದಾರೆ, ಇನ್ನೊಬ್ಬರು ಬೆರಳು ಬಾಯಿಗಿಟ್ಟುಕೊಂಡಿದ್ದಾರೆ. ಮುಳ್ಳು ಚುಚ್ಚಿರಬೇಕು. ಅದು ಇವರೇ. ನಗು ತಡೆಯಲಾಗಲಿಲ್ಲ.

ರಯ್ಯಾ ಎದ್ದು ನಿಂತು ಕೈ ಬೀಸಿದಳು. ಭಾವ ತಲೆಯೆತ್ತಿ ನೋಡಿದರು. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿ, ಆಮೇಲೆ ಕೈ ಬೀಸಿದರು. ಪರದೇಶದಿಂದ ಬಂದವರಿಗೆ ಬೀಸುವ ಹಾಗೆ, ಮರ್ಯಾದೆಯಿಂದ.

"ಅವ್ರಿಗೆ ನಾನು ಅಂತ ಗೊತ್ತಾಗ್ಲಿಲ್ಲ ಕಣೇ," ಎಂದಳು ರಯ್ಯಾ. ಮತ್ತೆ ಕೂತಳು. ಗಂಡಸರು ಬುಟ್ಟಿ ಹೊತ್ತು ಮನೆ ಕಡೆ ನಡೆದರು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಫೋನು ಹೊಡೆದುಕೊಳ್ಳುತ್ತಿದೆ. ಇವರದು. ಒಲೆ ಹಚ್ಚಲು ಬರುತ್ತಿಲ್ಲವೋ, ಕಾಫಿಪುಡಿ ಸಿಗುತ್ತಿಲ್ಲವೋ. ರಯ್ಯಾ ಕೈ ಚಾಚಿದಳು. ಅವಳಿಗೆ ಕೊಡದೆ ಫೋನು ತೆಗೆದು ಆ ಎತ್ತರದ ದಿಂಬಿನ ಅಡಿಗೆ ತುರುಕಿ ಬಂದೆ.

ಬಾಗಿಲು ಬಡಿಯುತ್ತಿದ್ದಾರೆ. ಎರಡನೇ ಕಾಫಿ ಇರಬೇಕು. ರಯ್ಯಾ ನನ್ನ ಮುಖ ನೋಡಿದಳು, ನಾನು ಅವಳದ್ದು. ಇಬ್ಬರೂ ಏಳಲಿಲ್ಲ. "ತೆಗೆದೇ ಇದೆ, ತಂದು ಇಲ್ಲೇ ಕೊಡಪ್ಪಾ" ಅಂತ ಕೂಗಿದೆ. ಕಾಲು ಚಾಚಿಕೊಂಡು, ಕೂತಲ್ಲಿಂದಲೇ, ನಾನು— ಇರಲಿ, ಕಾಫಿ ಬಂತು.