ದೊರೆಸಾನಿಯ ಮರಳಿನ ಬಕೆಟ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಬಲ್ಬ್ ಹಾಕಿದೆ. ಗಿಡಕ್ಕೆ ನೀರು ಚಿಮುಕಿಸಿದೆ. ದೊರೆಸಾನಿ ಇವತ್ತೂ ಹುಳ ಮುಟ್ಟಲಿಲ್ಲ. ಮೂರು ದಿನವಾಯಿತು. ಹೊಟ್ಟೆ ಮಾತ್ರ ಎರಡೂ ಪಕ್ಕ ಉಬ್ಬಿದೆ. ಪಂಜರದ ತಳದಲ್ಲೇ ಓಡಾಟ.

ಹಾಸ್ಟೆಲಿಗೆ ಹೋಗುವಾಗ ಮಗಳು ಈ ಗೋಸುಂಬೆಯನ್ನು ನನಗೆ ಒಪ್ಪಿಸಿದ್ದಳು. "ಅಮ್ಮ ಮರೀತಾಳೆ. ಅಪ್ಪಾ, ನೀನೇ ನೋಡ್ಕೋ." ನನಗೆ ಬರುವುದೂ ನೋಡುವುದೊಂದೇ. ಇಪ್ಪತ್ತೆರಡು ವರ್ಷದಿಂದ ಕಾರ್ಖಾನೆಯಲ್ಲಿ ದೀಪದ ಮುಂದೆ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುತ್ತಿದ್ದೇನೆ. ಇದು ಹೇಗೆ ಕಣ್ತಪ್ಪಿತು?

ಸಂಜೆ

ಡಾಕ್ಟರು ಎಕ್ಸ್-ರೇ ತೆಗೆಸಿದರು. ಹೊಟ್ಟೆ ತುಂಬ ಮೊಟ್ಟೆ!

"ಗಂಡಿನ ಮುಖಾನೇ ನೋಡಿಲ್ಲ ಸಾರ್ ಇದು."

"ಕೋಳಿ ಇಡಲ್ವೇನ್ರೀ, ಹಾಗೇನೇ. ಮರಿ ಆಗಲ್ಲ, ಅಷ್ಟೆ. ಆದ್ರೆ ಹೊರಗೆ ಬರ್ಲೇಬೇಕು. ಒಳಗೇ ಉಳಿದ್ರೆ ಪ್ರಾಣಕ್ಕೇ ಕುತ್ತು."

ಬಕೆಟ್ಟಿನಲ್ಲಿ ತೇವದ ಮರಳು ತುಂಬಿ ಪಂಜರದೊಳಗೆ ಇಡಬೇಕಂತೆ. ಗುಂಡಿ ಅಗೆದು ಅದರೊಳಗೆ ಇಡುತ್ತಾಳಂತೆ. ಮಗಳಿಗೆ ಹೇಳಿಲ್ಲ. ಪರೀಕ್ಷೆ ನಡೆಯುತ್ತಿದೆ.

ಮಾರ್ಚ್ 5, ಬುಧವಾರ

ರಜೆ ಹಾಕಿದೆ. ಮರಳು ಜರಡಿ ಹಿಡಿದು, ಮುಷ್ಟಿಯಲ್ಲಿ ಉಂಡೆ ನಿಲ್ಲುವಷ್ಟು ನೀರು ಬೆರೆಸಿದೆ.

"ನನ್ನ ಹೆರಿಗೆಗೇ ರಜೆ ಹಾಕ್ಲಿಲ್ಲ ನೀವು!" ಹೆಂಡತಿ ನಗುತ್ತಲೇ ಅಂದಳು. ಚುಚ್ಚಿತು.

10.20 — ಅಗೆಯತೊಡಗಿದಳು! ಪಂಜರದ ಮುಂದೆ ಸ್ಟೂಲ್ ಹಾಕಿ ಕೂತೆ.
10.35 — ಬಿಟ್ಟು ಕೊಂಬೆ ಹತ್ತಿದಳು.
2.10 — ಮತ್ತೆ ಅಗೆತ. ಟಾರ್ಚ್ ಹಾಕಿ ನೋಡಿದೆ.
2.20 — ಬಿಟ್ಟಳು. ಏನು ಕೊರತೆ? ಮರಳು ಒಣಗಿತೇ?

ಮಾರ್ಚ್ 8, ಶನಿವಾರ

ಎರಡು ದಿನ ಸಮಯ ಬಿಟ್ಟರೆ ಬೇರೇನೂ ಬರೆಯಲು ಕೈ ಬರಲಿಲ್ಲ. ಆರು ಸಲ ಅಗೆದಳು, ಆರು ಸಲವೂ ಬಿಟ್ಟಳು. ಮೈ ಕಪ್ಪಿಟ್ಟಿದೆ. ಹಗಲಲ್ಲೇ ಕಣ್ಣು ಮುಚ್ಚುತ್ತಾಳೆ.

ಡಾಕ್ಟರು ಇಂಜೆಕ್ಷನ್ ಕೊಟ್ಟರು. "ನಾಳೆ ಸಂಜೆವರೆಗೆ ನೋಡೋಣ. ಇಲ್ದಿದ್ರೆ ಆಪರೇಷನ್. ಇಷ್ಟು ಸೋತಿರೋ ಜೀವ... ಭರವಸೆ ಕೊಡಲಾರೆ."

ಯಾವಾಗ ಯಾವಾಗ ಅಗೆದಳು ಎಂದು ಕೇಳಿದರು. ಈ ಪುಸ್ತಕ ತೆಗೆದು ಓದಿದೆ.

"ನಿಮಿಷ ನಿಮಿಷಾನೂ ಹೇಗ್ರೀ ಗೊತ್ತು?"

"ಮುಂದೇನೇ ಕೂತಿದ್ದೆ ಸಾರ್. ಕಣ್ಣು ಮಿಟುಕಿಸದೆ."

ಹಣೆ ಚಚ್ಚಿಕೊಂಡರು. "ಯಾರೋ ನೋಡ್ತಿದಾರೆ ಅಂತ ಗೊತ್ತಾದ್ರೆ ಅದು ಗುಂಡಿ ಬಿಟ್ಬಿಡುತ್ತೆ ಕಣ್ರೀ! ನೀವೇ ತಡೀತಾ ಇರೋದು!"

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಸತ್ತರೆ ನಾನೇ ಕಾರಣ. ಮಗಳಿಗೆ ಯಾವ ಮುಖ ತೋರಿಸಲಿ?

ಮಾರ್ಚ್ 9, ಭಾನುವಾರ. ಬೆಳಿಗ್ಗೆ 9

ಪಂಜರಕ್ಕೆ ದುಪ್ಪಟಿ ಹೊದಿಸಿದೆವು. ಹೆಂಡತಿ ನನ್ನನ್ನು ಅಡುಗೆಮನೆಗೆ ದಬ್ಬಿದಳು. "ಕಣ್ಣಿಗೆ ಬೇರೆ ಕೆಲಸ ಕೊಡಿ. ಬೆಳ್ಳುಳ್ಳಿ ಸುಲೀರಿ."

11 — ಸರಸರ ಸದ್ದು. ಎದ್ದೆ. "ಕೂತ್ಕೊಳ್ರೀ!" ಕೂತೆ.

1 — ಸದ್ದು ನಿಂತಿದೆ. ಇಡುತ್ತಿದ್ದಾಳೆಯೇ? ಸತ್ತಿದ್ದಾಳೆಯೇ? ಒಂದೇ ಎಸಳನ್ನು ಮೂರು ಸಲ ಕೈಗೆತ್ತಿಕೊಂಡೆ, ಸಿಪ್ಪೆ ಬಿಡಿಸಲಾಗುತ್ತಿಲ್ಲ. ಹೆಂಡತಿ ಹೆರಿಗೆ ಕೋಣೆಯಲ್ಲಿದ್ದ ಹೊತ್ತು ನಾನು ಬಾಟಲಿ ನೋಡುತ್ತಿದ್ದೆ. ಅವತ್ತು ಒಂದು ಬಿರುಕೂ ಕಣ್ತಪ್ಪಿರಲಿಲ್ಲ. ಇದನ್ನು ಅವಳಿಗೆ ಹೇಳಿಯೇಬಿಟ್ಟೆ.

"ಈಗಲಾದ್ರೂ ಗೊತ್ತಾಯ್ತಲ್ಲ. ಸುಲೀರಿ." ಆದರೆ ಪಕ್ಕದಲ್ಲೇ ಬಂದು ಕೂತಳು.

3 — ಇನ್ನೂ ಸದ್ದಿಲ್ಲ. ಮನೆಯಲ್ಲಿದ್ದ ಬೆಳ್ಳುಳ್ಳಿಯೆಲ್ಲ ಮುಗಿಯಿತು.

4.40 — ಅವಳೇ ಹೋಗಿ ದುಪ್ಪಟಿಯ ಅಂಚೆತ್ತಿದಳು. ಬಗ್ಗಿ ಇಣುಕಿದಳು. ಆಮೇಲೆ ಕೂಗಿದಳು. "ರೀ, ಕೊಂಬೆ ಮೇಲಿದಾಳೆ! ಮೂತಿಯೆಲ್ಲಾ ಮರಳು. ಗುಂಡಿ ಮುಚ್ಚಿದಾಳೆ, ಹೊಟ್ಟೆ ಇಳಿದಿದೆ. ಈಗ ಬನ್ನಿ, ನೋಡಿ!"

ಅವತ್ತೂ ಕಾರ್ಖಾನೆಗೆ ಫೋನ್ ಬಂದಿತ್ತು, ಮಗಳು ಹುಟ್ಟಿದಾಳೆ ಬನ್ನಿ ಅಂತ. ಶಿಫ್ಟ್ ಮುಗಿಸಿಯೇ ಹೋಗಿದ್ದೆ. ಇವತ್ತು ಈ ಸಾಲು ಮುಗಿಯುವವರೆಗೂ ಕಾಯ—